ಖಂಡಪ್ಪನ ಗಚ್ಚಿ, ಮಲ್ಲಕ್ಕನ ಕೆರೆ

ಮಲ್ಲಕ್ಕನ ಅಜ್ಜ ಮರೆಪ್ಪ ಶಹಾಬಾದಿನಿಂದ ಮುಂಬಯಿಗೆ ಬಂದದ್ದು ಟಿಕೇಟು ತೆಗೆಸಿ ಅಲ್ಲ. ಫರಸಿಕಲ್ಲು ತುಂಬಿದ ಗೂಡ್ಸ್ ಗಾಡಿಯಲ್ಲಿ, ಕಲ್ಲಿನ ಮೇಲೆ ತಾನೂ ಒಂದು ಕಲ್ಲಿನಂತೆ ಕೂತು ಬಂದ. ಹಾದಿಯಲ್ಲಿ ಒಂದು ಕಲ್ಲೂ ಒಡೆಯದಂತೆ ನೋಡಿಕೋ ಎಂದು ಗುತ್ತಿಗೆದಾರ ಅವನನ್ನು ಕಾವಲಿಗೆ ಹತ್ತಿಸಿದ್ದ. ನಾಲ್ಕನೆಯ ದಿನ ಗಾಡಿ ಮುಂಬಯಿ ಮುಟ್ಟಿದಾಗ ಕಲ್ಲುಗಳು ಹಾಗೇ ಇದ್ದವು. ಮರೆಪ್ಪನ ಎರಡು ಹಲ್ಲು ಮಾತ್ರ ಹಾದಿಯಲ್ಲೇ ಉಳಿದಿದ್ದವು. ಆ ಕಲ್ಲುಗಳೇ ಮಾಝಗಾಂವದ ಗುಡ್ಡದ ಮೇಲಿನ ಮೋತಿವಾಲಾ ಬಂಗಲೆಗೆ ನೆಲವಾದವು. ಹತ್ತಿ ವ್ಯಾಪಾರದ ಮೋತಿವಾಲಾ ಶೇಠ ಇಟಲಿಯಿಂದ ಅಮೃತಶಿಲೆ ತರಿಸಿ ನಡುಮನೆಗೆ ಹಾಸಿದ್ದಾನೆಂದು ಊರೆಲ್ಲ ಕೊಂಡಾಡುತ್ತಿತ್ತು. ಮರೆಪ್ಪನ ಮನೆಯವರ ಲೆಕ್ಕವೇ ಬೇರೆ. ಇಟಲಿಯ ಕಲ್ಲು ನಡುಮನೆಯಲ್ಲಿ ಕೂತು ಉಂಡಿತು, ಉಳಿದ ಇಪ್ಪತ್ತೇಳು ಕೋಣೆಗಳ ಚಾಕರಿ ಮಾಡಿದ್ದು ನಮ್ಮ ಶಹಾಬಾದಿ ಕಲ್ಲು ಎನ್ನುತ್ತಿದ್ದರು.

ಮರೆಪ್ಪ ಮನೆಗೆ ನೆಲ ಕೊಟ್ಟರೆ ಅವನ ಮಗ ಖಂಡಪ್ಪ ನೆತ್ತಿ ಕೊಟ್ಟ. ಮಾಳಿಗೆಯ ಮೇಲಿನ ಬಯಲಿಗೆ ಮುಂಬಯಿಯಲ್ಲಿ ಗಚ್ಚಿ ಎನ್ನುತ್ತಾರೆ. ಬಂಗಲೆಗೆ ಮೊದಲು ಯಾರೋ ಹಾಕಿದ್ದ ಗಚ್ಚಿ ಹತ್ತು ಮಳೆಗಾಲಕ್ಕೇ ಸೋರಿ, ಶೇಠನ ಪಿಯಾನೋದೊಳಗೆ ಅಣಬೆ ಎದ್ದಿದ್ದವು. ೧೯೨೪ರಲ್ಲಿ ಖಂಡಪ್ಪ ಅದನ್ನು ಕಿತ್ತು ಹೊಸದು ಹಾಕಿದ. ಸುಣ್ಣ, ಮರಳು, ಇಟ್ಟಿಗೆಯ ಪುಡಿ. ಅದಕ್ಕೆ ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು. ಅವನ ಹೆಂಡತಿ ನಾಗವ್ವ ನಲವತ್ತು ಹೆಂಗಸರನ್ನು ಸಾಲಾಗಿ ಕೂರಿಸಿ, ಕೈಗೆ ಕಟ್ಟಿಗೆಯ ಕೊಡತಿ ಕೊಟ್ಟು ಎರಡು ತಿಂಗಳು ಬಡಿಸಿದಳು. ಹಾಡು ಅವಳದು, ತಾಳ ಕೊಡತಿಯದು. ಉಸಿರು ತೆಗೆದುಕೊಳ್ಳಲು ನಾಗವ್ವ ಹಾಡು ನಿಲ್ಲಿಸಿದರೆ ನಲವತ್ತು ಕೊಡತಿಗಳು ಗಾಳಿಯಲ್ಲೇ ನಿಲ್ಲುತ್ತಿದ್ದವು. ಮೊದಲು ದಬ್ ದಬ್ ಎನ್ನುವ ಗಚ್ಚು ಕಡೆಗೆ ಕಂಚಿನ ಗಂಗಾಳದ ಹಾಗೆ ಠಣ್ ಎನ್ನಬೇಕು. ಅಲ್ಲಿಯ ತನಕ ಬಿಡುವಿಲ್ಲ. ಸಾಲಿನ ಕಡೆಯ ಕೊಡತಿ ಹನ್ನೆರಡು ವರ್ಷದ ಮಗಳು ಮಲ್ಲಕ್ಕನದು. ಇವಳು ಬಡಿದದ್ದಕ್ಕಿಂತ ಬೆಲ್ಲದ ನೀರು ನೆಕ್ಕಿದ್ದೇ ಹೆಚ್ಚು ಎಂದು ನಾಗವ್ವ ಸಾಯುವ ತನಕ ಹೇಳುತ್ತಿದ್ದಳು. ಮಲ್ಲಕ್ಕ ಕಥೆ ಹೇಳುವಾಗ ಈ ಭಾಗ ಯಾಕೋ ಬಿಟ್ಟುಹೋಗುತ್ತಿತ್ತು.

ಆ ಮನೆತನಕ್ಕೆ ಒಂದು ಪದ್ಧತಿ ಇತ್ತು. ಗಚ್ಚಿ ಮುಗಿದ ಮೇಲೆ ಕೆರೆ ಕಟ್ಟಬೇಕು. ನೀರು ಹೊರಗೆ ಹಾರುವ ಬಾಯಿಗಳಿಗೆಲ್ಲ ಅರಿವೆ ತುರುಕಿ, ಮೇಲೆ ಸುಣ್ಣ ಮೆತ್ತಿ, ಮೊದಲ ದೊಡ್ಡ ಮಳೆಯನ್ನು ಗಚ್ಚಿಯ ಮೇಲೆ ಮೂರು ದಿನ ನಿಲ್ಲಿಸುವುದು. ಎಲೆಯ ಮೇಲೆ ದೀಪ ಇಟ್ಟು ತೇಲಿಬಿಡುವುದು. ಕೆಲಸ ಮಾಡಿಸಿದ ಧಣಿ ಅದರ ಕೆಳಗೆ ಒಳ್ಳೆಯ ಬಟ್ಟೆ ಉಟ್ಟು ಕೂರುವುದು. ಬಂಗಲೆಯ ನೀರ ಬಾಯಿಗಳು ಎಂಟು, ಎಂಟೂ ಕಲ್ಲಿನ ಸಿಂಹದ ಮುಖಗಳು. ಎಂಟಕ್ಕೂ ಅರಿವೆ ತುರುಕಿದರು. ಶೇಠ ರೇಶ್ಮೆ ಪಗಡಿ ಸುತ್ತಿಕೊಂಡು ಮೇಲಿನ ಮಹಡಿಯ ಕುಣಿತದ ಹಾಲಿನಲ್ಲಿ ಮೂರು ದಿನ ಕೂತ. ಒಂದು ಹನಿ ಬೀಳಲಿಲ್ಲ. ಮೂರನೆಯ ದಿನ ಎದ್ದು, ಈ ಗಚ್ಚಿ ಸೋರದಷ್ಟು ಕಾಲ ಹಿಂದಿನ ಕುದುರೆಲಾಯದ ಕೋಣೆ ನಿನ್ನದು, ನಿನ್ನ ಮಕ್ಕಳದು ಎಂದು ಖಂಡಪ್ಪನಿಗೆ ಮಾತು ಕೊಟ್ಟ. ಕಾಗದ ಇಲ್ಲ, ಪತ್ರ ಇಲ್ಲ. ಗಚ್ಚಿಯೇ ಕಾಗದ.

ಶೇಠ ಹೋದ. ಹತ್ತಿಯ ಧಾರಣೆ ಬಿತ್ತು, ಮಕ್ಕಳು ಜಗಳಾಡಿದರು, ಯುದ್ಧದ ಕಾಲದಲ್ಲಿ ಮಿಲಿಟರಿಯವರು ಬಂದು ಬಿಲಿಯರ್ಡ್ ಮೇಜಿನ ಮೇಲೆ ಬೂಟು ಒಣಗಿಸಿದರು. ನಲವತ್ನಾಲ್ಕರಲ್ಲಿ ಬಂದರಿನ ಡಾಕಿನಲ್ಲಿ ಹಡಗು ಸಿಡಿದಾಗ ಗುಡ್ಡದ ಮೇಲಿನ ಕಿಟಕಿಗಳ ಗಾಜೆಲ್ಲ ಪುಡಿಯಾಯಿತು. ಡಾಕಿನಲ್ಲಿ ಮೂಟೆ ಹೊರುತ್ತಿದ್ದ ಮಲ್ಲಕ್ಕನ ಗಂಡ ಧರ್ಮಣ್ಣ ಆ ಸಂಜೆ ಮನೆಗೆ ಬರಲಿಲ್ಲ. ಗಚ್ಚಿಗೆ ಗೀರೂ ಬೀಳಲಿಲ್ಲ. ಆ ದಿನದ ಬಗ್ಗೆ ಯಾರಾದರೂ ಕೇಳಿದರೆ ಮಲ್ಲಕ್ಕ ಗಚ್ಚಿಯ ಮಾತಷ್ಟೇ ಆಡುತ್ತಿದ್ದಳು.

೧೯೪೯ರ ಜೂನಿನಲ್ಲಿ ಶೇಠನ ವಿಧವೆ ಸೊಸೆ ಬಂಗಲೆಯನ್ನು ಒಂದು ಟ್ರಸ್ಟಿಗೆ ಒಪ್ಪಿಸಿ ಹೆಣ್ಣುಮಕ್ಕಳ ಕಾಲೇಜು ತೆರೆಸಿದಳು. ಮೊದಲ ದಿನ ಬಂದವರು ಹನ್ನೊಂದು ಹುಡುಗಿಯರು, ನಾಲ್ವರು ಪ್ರೊಫೆಸರು, ಗೇಟು ತೆಗೆಯಲಿಕ್ಕೆ ಮಲ್ಲಕ್ಕ. ಕುಣಿತದ ಹಾಲು ಲೈಬ್ರರಿಯಾಯಿತು. ಬಿಲಿಯರ್ಡ್ ಕೋಣೆಯಲ್ಲಿ ಇತಿಹಾಸದ ಕ್ಲಾಸು ಕೂತಿತು. ಶೇಠಾಣಿಯ ಸ್ನಾನದ ಮನೆ ಆಫೀಸಾಗಿ, ಟೈಪ್‌ರೈಟರು ಹಂಡೆಯ ಒಲೆಯ ಮೇಲೆ ಏರಿತು. ಮುಂಬಯಿಯವರು ಕೆಲಸದಾಕೆಗೆ ಅನ್ನುವ ಹಾಗೆ, ಮಲ್ಲಕ್ಕ ಅಲ್ಲಿಯ ಬಾಯಿ ಆದಳು: ಗಂಟೆ ಹೊಡೆಯುವವಳು, ಕಸ ಗುಡಿಸುವವಳು, ಗೇಟಿನಾಚೆ ನಿಂತು ಸೀಟಿ ಹೊಡೆಯುವ ಗಂಡುಗಳಿಗೆ ಕಸಬರಿಗೆ ತೋರಿಸುವವಳು. ಅಕ್ಷರ ಬಾರದು. ಆದರೆ ಇತಿಹಾಸದ ಕ್ಲಾಸಿನ ಹೊರಗೆ ಸ್ಟೂಲು ಹಾಕಿಕೊಂಡು ವರ್ಷ ವರ್ಷವೂ ಅದೇ ಪಾಠ ಕೇಳಿ ಕೇಳಿ, ಪ್ರೊಫೆಸರು ಎಲ್ಲಿ ಕೆಮ್ಮುತ್ತಾರೆ, ಯಾವ ರಾಜ ಸತ್ತಾಗ ಗಂಟೆ ಹೊಡೆಯಬೇಕು ಎಂಬುದು ಅವಳಿಗೆ ಗಡಿಯಾರ ನೋಡದೆ ತಿಳಿಯುತ್ತಿತ್ತು.

"ನೀವೆಲ್ಲಾ ಒಂದೇ ಸಲ ಬಿ.ಎ. ಮಾಡ್ತೀರಿ. ನಂದು ಇಪ್ಪತ್ತು ಸಲ ಆಗ್ಯದ," ಎಂದು ಹುಡುಗಿಯರನ್ನು ಹಂಗಿಸುತ್ತಿದ್ದಳು.

೧೯೬೯ರಲ್ಲಿ ಹೊಸ ಪ್ರಿನ್ಸಿಪಾಲರು ಬಂದರು. ರುಕ್ಮಿಣಿಬಾಯಿ ದೇಶಪಾಂಡೆ, ಧಾರವಾಡದವರು. ಎರಡು ಕನ್ನಡಕ ಇಟ್ಟುಕೊಂಡಿದ್ದರು, ಒಂದು ಪುಸ್ತಕಕ್ಕೆ, ಒಂದು ಮನುಷ್ಯರಿಗೆ. ಮೊದಲ ದಿನವೇ ಲೈಬ್ರರಿಯಲ್ಲಿ ನಿಂತು ಮನುಷ್ಯರ ಕನ್ನಡಕದಿಂದ ಮೇಲೆ ನೋಡಿ ಕೇಳಿದರು.

"ಮಲ್ಲಕ್ಕ, ಇಷ್ಟು ಹಳೇ ಗಚ್ಚಿ. ಮಳಿಗಾಲದಾಗ ಸೋರೂದಿಲ್ಲೇನು?"

ಮಲ್ಲಕ್ಕ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. "ಬಾಯಾರ, ಈ ಕಾಲೇಜಿನಾಗ ಹುಡುಗೇರು ಫೇಲ್ ಆಗ್ತಾರ. ಪ್ರೊಫೆಸರ್ ಲೇಟ್ ಬರ್ತಾರ. ಗಡಿಯಾರ ನಿಂದರ್ತದ. ಸೋರೂದು ಮಾತ್ರ ಆಗಂಗಿಲ್ಲ. ಸುಳ್ಳನಿಸಿದ್ರ ಕೆರಿ ಕಟ್ಟಿ ತೋರಸ್ತೀನಿ."

ರುಕ್ಮಿಣಿಬಾಯಿ ನಗೆಯಾಡಿ ಮರೆತರು. ಮಲ್ಲಕ್ಕ ಮರೆಯಲಿಲ್ಲ. ಜೂನಿನಲ್ಲಿ ಮೋಡ ಕಟ್ಟಿದ ಕೂಡಲೇ ತನ್ನ ಹಳೆಯ ಹಸಿರು ಇಳಕಲ್ ಸೀರೆಯನ್ನು ಎಂಟು ಹೋಳು ಮಾಡಿ, ಎಂಟು ಸಿಂಹಗಳ ಬಾಯಿಗೂ ತುರುಕಿ ಸುಣ್ಣ ಮೆತ್ತಿದಳು. ಎಂಟನೆಯ ಸಿಂಹ ಹಿಂದಿನ ಮೂಲೆಯಲ್ಲಿತ್ತು. ಟ್ರಸ್ಟಿನವರು ಆಮೇಲೆ ಕಟ್ಟಿಸಿದ ನೀರಿನ ಟಾಕಿ ಅದಕ್ಕೆ ಅಡ್ಡ ಬಂದಿದ್ದರಿಂದ, ಟಾಕಿಯ ಬೆನ್ನ ಹಿಂದೆ ಅಂಬೆಗಾಲಿಟ್ಟು ಹೋಗಬೇಕು. ಐವತ್ತೇಳರ ಮೊಣಕಾಲು ಬೈದುಕೊಂಡೇ ಹೋಗಿ ಬಂತು. ಮಳೆ ಸುರಿಯಿತು, ಕೆರೆ ತುಂಬಿತು, ದೀಪ ತೇಲಿತು. ರುಕ್ಮಿಣಿಬಾಯಿ ಬಿಳಿ ಸೀರೆ ಉಟ್ಟು, ಟೈಮ್‌ಟೇಬಲ್ಲಿನಲ್ಲಿ ತೆರವಿದ್ದ ಒಂದು ಪೀರಿಯಡ್ಡು ಲೈಬ್ರರಿಯಲ್ಲಿ ಕೂತರು. ಹನಿ ಬೀಳಲಿಲ್ಲ.

ಮೂರನೆಯ ದಿನ ಮಲ್ಲಕ್ಕ ಅರಿವೆ ಕೀಳಲು ಗಚ್ಚಿ ಹತ್ತಿದಳು. ನೋಡಲು ಸೀನನೂ ಬಂದ. ಉಡುಪಿ ಕಡೆಯ ಸೀನ ಫೋರ್ಟಿನ ಹೋಟೆಲಿನಲ್ಲಿ ಹದಿನೈದು ವರ್ಷ ದೋಸೆ ಹುಯ್ದು, ಈಗ ಕಾಲೇಜಿನ ಹಿಂದಿನ ಅಂಗಳದಲ್ಲಿ ತಗಡಿನ ಚಾವಣಿಯ ಕೆಳಗೆ ಕ್ಯಾಂಟೀನು ನಡೆಸುತ್ತಿದ್ದ. ಕೇಳುವವನು ಸಿಕ್ಕನೆಂದರೆ ಮಲ್ಲಕ್ಕನಿಗೆ ಬೇರೇನು ಬೇಕು? ಮೊದಲ ಸಿಂಹದ ಅರಿವೆ ಕೀಳುವಾಗ ಅಜ್ಜ ಮರೆಪ್ಪನ ಹಲ್ಲು ಬಿದ್ದವು. ಮೂರನೆಯದರ ಹೊತ್ತಿಗೆ ಪಿಯಾನೋದಲ್ಲಿ ಅಣಬೆ ಎದ್ದವು. ಐದನೆಯದರಲ್ಲಿ ನಾಗವ್ವ ಹಾಡಿದಳು. ಏಳನೆಯ ಅರಿವೆ ಕೈಗೆ ಬಂದಾಗ ಶೇಠ ಪಗಡಿ ಸುತ್ತಿಕೊಂಡು ಕೂತಿದ್ದ. ಅವನು ಹೇಗೆ ಕೂತಿದ್ದ ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಕೇ? ಮಲ್ಲಕ್ಕ ಸೆರಗನ್ನು ಪಗಡಿಯಂತೆ ತಲೆಗೆ ಸುತ್ತಿ, ಗದ್ದ ಎತ್ತಿ, ಮೆಟ್ಟಿಲಿಳಿದು ಲೈಬ್ರರಿಯೊಳಗೆ ನಡೆದು ಪ್ರಿನ್ಸಿಪಾಲರ ಕುರ್ಚಿಯಲ್ಲೇ ಶೇಠನಾಗಿ ಕೂತಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ರುಕ್ಮಿಣಿಬಾಯಿ ಕಣ್ಣೊರೆಸಿಕೊಂಡು ನಕ್ಕರು. ಆ ದಿನ ಮಲ್ಲಕ್ಕ ಮತ್ತೆ ಗಚ್ಚಿ ಹತ್ತಲಿಲ್ಲ. ಮರುದಿನ ಹತ್ತಿದಾಗ ಕೆರೆ ಬತ್ತಿತ್ತು, ಏಳು ಸಿಂಹಗಳು ಬಾಯಿ ತೆರೆದು ನಿಂತಿದ್ದವು, ಅವಳಿಗೆ ಅಷ್ಟು ಸಾಕಾಯಿತು.

ಮರುವರ್ಷ ಲೈಬ್ರರಿಯ ಮೂಲೆಯಲ್ಲಿ, ಮೇಲಿನ ಚಾವಣಿಯಲ್ಲಿ, ನಿಂಬೆಹಣ್ಣಿನಷ್ಟು ಒದ್ದೆಯ ಕಲೆ ಕಾಣಿಸಿತು. ಅದರ ಮರುವರ್ಷ ಹೀರೇಕಾಯಿಯಷ್ಟಾಯಿತು. ಎಪ್ಪತ್ತೆರಡರಲ್ಲಿ ಮಳೆ ಕಡಿಮೆ, ಕಲೆ ಬೆಳೆಯಲಿಲ್ಲ. ಎಪ್ಪತ್ಮೂರರಲ್ಲಿ ಎರಡು ವರ್ಷದ್ದು ಒಟ್ಟಿಗೆ ಬೆಳೆದು, ಭೂಗೋಳದ ಹುಡುಗಿಯರು ಅದಕ್ಕೆ ಸಿಲೋನ್ ಎಂದು ಹೆಸರಿಟ್ಟರು.

ಮಲ್ಲಕ್ಕ ಒಪ್ಪಬೇಕಲ್ಲ! ಮೊದಲ ವರ್ಷ, ಅದು ಸೀನನ ಇಡ್ಲಿಯ ಹಬೆ ಎಂದಳು. ಎರಡನೆಯ ವರ್ಷ, ಸಮುದ್ರದ ಗಾಳಿಗೆ ಗೋಡೆ ಬೆವರುತ್ತದೆ, ಮನುಷ್ಯರು ಬೆವರುವುದಿಲ್ಲವೇ ಎಂದಳು. ಗಚ್ಚಿಯ ಮೇಲಿನಿಂದ ಕಪ್ಪೆ ವಟಗುಟ್ಟುವುದು ಕೇಳಿಸಿ ಹುಡುಗಿಯರು ಬೆರಗಾದರೆ, ಮೂರನೆಯ ಮಹಡಿಗೆ ಕಪ್ಪೆ ಬರುವುದು ಕಾಲೇಜಿಗೆ ಶುಭ ಎಂದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಲೈಬ್ರರಿ ಬಾಗಿಲು ತೆಗೆದು, ಸಿಲೋನಿನ ಕೆಳಗೆ ಇಟ್ಟಿದ್ದ ಬಕೀಟನ್ನು ಹೊರಗೆ ಸುರಿದು, ನೆಲ ಒರೆಸಿ, ಏನೂ ಆಗದವಳಂತೆ ಗಂಟೆ ಹೊಡೆಯುತ್ತಿದ್ದಳು. ಗಚ್ಚಿಗೆ ಹೋಗಿ ಮೂಲೆಯನ್ನು ನೋಡಬಹುದಿತ್ತು. ಆದರೆ ಸೋರುತ್ತಿಲ್ಲ ಎಂದು ಊರಿಗೆಲ್ಲ ಹೇಳಿದ ಮೇಲೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಹೇಗೆ? ಹುಡುಕಿದರೆ ಒಪ್ಪಿದಂತಾಯಿತು. ಒಪ್ಪಿದರೆ ಅಪ್ಪನ ಹೆಸರು ಹೋಯಿತು, ಶೇಠನ ಮಾತಿನಂತೆ ಕುದುರೆಲಾಯದ ಕೋಣೆಯೂ ಹೋಯಿತು.

೧೯೭೪ ಕಾಲೇಜಿಗೆ ಇಪ್ಪತ್ತೈದನೆಯ ವರ್ಷ. ಬೆಳ್ಳಿಹಬ್ಬದ ಪುಸ್ತಕಕ್ಕೆ ಬಂಗಲೆಯ ಇತಿಹಾಸ ಬರೆಯುವ ಕೆಲಸ ಪ್ರಫುಲ್ಲಾ ಎಂಬ ಕಡೆಯ ವರ್ಷದ ಹುಡುಗಿಯ ಪಾಲಿಗೆ ಬಂತು. ಮುಲುಂಡಿನಿಂದ ದಿನಾ ಲೋಕಲ್ ಹಿಡಿದು ಬರುವವಳು, ತಂದೆತಾಯಿ ಮಂಗಳೂರು ಕಡೆಯವರು. ಅವಳ ಕನ್ನಡ ಹತ್ತು ಹೆಜ್ಜೆ ನಡೆದು ಒಮ್ಮೆ ಎಡವುತ್ತಿತ್ತು. ನೋಟ್‌ಬುಕ್ಕು ಹಿಡಿದು ಕುದುರೆಲಾಯದ ಕೋಣೆಗೆ ಬಂದಳು.

"ಅಜ್ಜಿ, ಈ ಬಂಗಲೆ ಯಾರು ಕಟ್ಟಿದ್ದು, ಐ ಮೀನ್, ಆರ್ಕಿಟೆಕ್ಟ್ ಯಾರು?"

"ಆ ಹೆಸರಿನಾಂವ ಯಾರೂ ಬಂದಿದ್ದಿಲ್ಲ. ನಮ್ಮಜ್ಜ ಮರೆಪ್ಪ ಬಂದಿದ್ದ. ಬರ್ಕೋ, ಮೊದಲ ಹಲ್ಲಿಂದ ಶುರು ಮಾಡ್ತೀನಿ."

ಪ್ರಫುಲ್ಲಾ ಹಲ್ಲು ಬರೆದುಕೊಂಡಳು, ಅಣಬೆ ಬರೆದುಕೊಂಡಳು, ನಲವತ್ತು ಕೊಡತಿ ಬರೆದುಕೊಂಡಳು. "ಅಜ್ಜಿ, ಲಾಸ್ಟಲ್ಲಿ ಏನು ಬರೆಯೋದು?" ಎಂದು ಕೇಳಿದಳು.

"ಗಚ್ಚಿ ಇವತ್ತಿಗೂ ಸೋರಿಲ್ಲ ಅಂತ ಬರಿ."

"ಮತ್ತೆ ಸಿಲೋನ್?"

"ಅದು ಭೂಗೋಳ. ನೀ ಇತಿಹಾಸ ಬರೀಲಾಕ ಬಂದೀದಿ."

ಜುಲೈಯ ಎರಡನೆಯ ವಾರ ಬೆಳ್ಳಿಹಬ್ಬದ ಸಭೆ ಲೈಬ್ರರಿಯಲ್ಲಿ ಸೇರಿತು. ಹೊರಗೆ ಮಳೆ. ಟ್ರಸ್ಟಿನ ಹಿರಿಯರೊಬ್ಬರು ಎದ್ದು, ಈ ಐತಿಹಾಸಿಕ ಕಟ್ಟಡ ಎಂದು ಭಾಷಣ ತೆಗೆದರಷ್ಟೆ, ಸಿಲೋನಿನ ಜಾಫ್ನಾದ ಭಾಗ ಕಳಚಿ ಸೀನ ಇಟ್ಟಿದ್ದ ಚಹಾದ ಟ್ರೇಯೊಳಗೆ ಬಿತ್ತು. ಯಾರಿಗೂ ಏಟಾಗಲಿಲ್ಲ. ಹನ್ನೆರಡು ಕಪ್ಪುಗಳಲ್ಲಿ ಒಂದು ಉಳಿಯಿತು. ಹಿರಿಯರ ಬಿಳಿ ಟೋಪಿಯ ಮೇಲೆ ಐವತ್ತು ವರ್ಷದ ಸುಣ್ಣವೂ ಬಿಸಿ ಚಹಾವೂ ಕೂತವು. ಬಾಗಿಲಲ್ಲಿ ನಿಂತಿದ್ದ ಮಲ್ಲಕ್ಕ, ಹಬೆ ಎನ್ನಲೋ ಬೆವರು ಎನ್ನಲೋ ತಿಳಿಯದೆ, ಬಕೀಟು ತರಲು ಓಡಿದಳು.

ಟ್ರಸ್ಟಿನ ಇಂಜಿನಿಯರು ಬಂದರು. ಕೋಲಿನಿಂದ ಲೈಬ್ರರಿಯ ಚಾವಣಿಗೆ ತಟ್ಟಿದರು, ಗಚ್ಚಿಯ ನಡುವಿಗೆ ಹೋಗಿ ನಿಂತರು. ಬಿಳಿ ಪ್ಯಾಂಟು ಹಾಕಿದ್ದರಿಂದ ಟಾಕಿಯ ಹಿಂದೆ ನುಸುಳಲಿಲ್ಲ. "ಚೂನಾ ಹೈ, ಸಡ್ ಗಯಾ," ಎಂದರು. ಸುಣ್ಣದ ಗಚ್ಚಿ ಪೂರ್ತಿ ಕೊಳೆತಿದೆ, ಇಡೀ ಮಾಳಿಗೆ ಕೆಡವಬೇಕು, ಅದಕ್ಕಿಂತ ಕಾಲೇಜನ್ನು ಮುಲುಂಡಿನ ಹೊಸ ಸಿಮೆಂಟು ಕಟ್ಟಡಕ್ಕೆ ಒಯ್ದು ಬಂಗಲೆ ಮಾರುವುದು ಮೇಲು. ಎಂಟು ದಿನ ಬಿಟ್ಟು ಮತ್ತೊಮ್ಮೆ ನೋಡಿ ರಿಪೋರ್ಟಿಗೆ ಸಹಿ ಹಾಕುತ್ತೇನೆ ಎಂದು ಹೋದರು.

ರುಕ್ಮಿಣಿಬಾಯಿ ಕನ್ನಡಕ ಬದಲಾಯಿಸದೆ ಕಿಟಕಿಯ ಹೊರಗೆ ನೋಡುತ್ತಾ ಕೂತರು. "ಮುಲುಂಡಿನಾಗ ನಮಗ ಮೂರು ಮಜಲಿ ಕೊಡ್ತಾರಂತ. ನಿನ್ನ ಕೋಣಿದು ಏನೂ ಹೇಳ್ಲಿಲ್ಲ, ಮಲ್ಲಕ್ಕ," ಎಂದರು.

"ಸಿಮೆಂಟಿನ ಕಟ್ಟಡಕ್ಕ ಕುದುರಿಲಾಯ ಎಲ್ಲಿಂದ ಬರ್ತದ, ಬಾಯಾರ," ಎಂದಳು ಮಲ್ಲಕ್ಕ. ಆದರೆ ದನಿಯಲ್ಲಿ ಎಂದಿನ ಖಾರ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಳೆಯ ನಡುವೆಯೇ ಸೀರೆಯ ಕಚ್ಚೆ ಬಿಗಿದು ಗಚ್ಚಿ ಹತ್ತಿದಳು. ಕೈಯಲ್ಲಿ ಕಸಬರಿಗೆಯ ಕೋಲು. ಸೋರುವ ಜಾಗ ಹುಡುಕಲು ಬಂದಿದ್ದೇನೆ ಎಂದು ಅವಳು ತನಗೂ ಹೇಳಿಕೊಂಡಿರಲಿಲ್ಲ. ಕಪ್ಪೆ ನೋಡಿ ಬರುತ್ತೇನೆ ಎಂದುಕೊಂಡಿದ್ದಳು. ಟಾಕಿಯ ಹಿಂದೆ ಅಂಬೆಗಾಲಿಟ್ಟು ನುಸುಳಿದರೆ, ಅಲ್ಲಿ ಒಂದು ಕೆರೆ! ಮೂಲೆಯ ತುಂಬ ಗೇಣಾಳದ ಹಸಿರು ನೀರು, ಪಾಚಿ, ಯಾವುದೋ ಹುಲ್ಲು, ಐದಾರು ಕಪ್ಪೆಗಳು ಒಕ್ಕಲು ಹೂಡಿ ಕೂತಿದ್ದವು. ಎಂಟನೆಯ ಸಿಂಹದ ಬಾಯಿಯಲ್ಲಿ ಸುಣ್ಣದ ಗಟ್ಟಿ. ಮಲ್ಲಕ್ಕ ಕೋಲಿನಿಂದ ತಿವಿದಳು. ಸುಣ್ಣ ಒಡೆಯಿತು. ಕೈ ಹಾಕಿ ಎಳೆದಳು. ಮೊದಲು ಎಳೆ, ಆಮೇಲೆ ಅಂಚು, ಆಮೇಲೆ ಅಂಗೈಯಗಲದ ಹಸಿರು ಇಳಕಲ್.

ಐದು ವರ್ಷದ ನೀರು ಒಮ್ಮೆಲೇ ಸಿಂಹದ ಬಾಯಿಂದ ಹಾರಿ ಕೆಳಗೆ ಕ್ಯಾಂಟೀನಿನ ತಗಡಿನ ಮೇಲೆ ಧಡಧಡ ಬಿತ್ತು.

"ಅಯ್ಯಯ್ಯೋ! ಎಂತದು ಮಾರಾಯ್ರೇ!" ಎಂದು ಕೆಳಗಿನಿಂದ ಸೀನನ ಕೂಗು. "ಹಿಟ್ಟಿನ ಪಾತ್ರೆಗೆ ಕಪ್ಪೆ ಬಿತ್ತು! ಮಲ್ಲಕ್ಕಾ, ಮೇಲೆ ನೀವುಂಟಾ?"

ಮಲ್ಲಕ್ಕ ಅರಿವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಪಾರಿವಾಳದ ಗೂಡು ಸಿಕ್ಕಿತ್ತೋ ಸೀನ! ತೆಗ್ದೀನಿ!" ಎಂದು ಕೂಗಿದಳು.

ಅಲ್ಲಿಗೆ ಸೋರುವುದು ನಿಂತಿತು. ಎರಡು ದಿನ ಮಳೆ ಹೊಡೆದರೂ ಬಕೀಟಿನಲ್ಲಿ ಹನಿ ಇಲ್ಲ. ಪ್ರಫುಲ್ಲಾ ನೋಟ್‌ಬುಕ್ಕಿನಲ್ಲಿ ಪಾರಿವಾಳದ ಗೂಡು ಎಂದು ಬರೆದುಕೊಂಡಳು. ರುಕ್ಮಿಣಿಬಾಯಿ ಬೆನ್ನು ತಟ್ಟಿದರು. ಸೀನ ಒಂದು ತಟ್ಟೆ ಉಪ್ಪಿಟ್ಟು ತಂದಿಟ್ಟು, "ಐದು ವರ್ಷದಿಂದ ಆ ಸಿಂಹದ ನೀರು ನನ್ನ ತಗಡಿಗೆ ಬೀಳುವುದು ನಿಂತಿತ್ತು. ನೀವೇ ಏನೋ ಉಪಕಾರ ಮಾಡಿದ್ದು ಅಂತ ದಿನಾ ನಿಮಗೆ ಕೈ ಮುಗಿಯುತ್ತಿದ್ದೆ. ನೋಡಿದರೆ ಪಾರಿವಾಳ!" ಎಂದ. ಮಲ್ಲಕ್ಕ ಉಪ್ಪಿಟ್ಟು ತಿಂದಳು. ಅರಿವೆ ಅವಳ ಕೋಣೆಯಲ್ಲಿ ಜೋಳದ ಗಡಿಗೆಯ ತಳಕ್ಕೆ ಸೇರಿತ್ತು.

ಎಂಟನೆಯ ದಿನ ಇಂಜಿನಿಯರು ಬಂದರು. ಮಳೆ ಹೊಳವಾಗಿತ್ತು. ಈ ಸಲ ಪ್ಯಾಂಟು ಮಡಚಿಕೊಂಡು ಟಾಕಿಯ ಹಿಂದೆ ನುಸುಳಿದರು. ರುಕ್ಮಿಣಿಬಾಯಿ, ಪ್ರಫುಲ್ಲಾ, ಸೀನ, ಮಲ್ಲಕ್ಕ ಈಚೆ ನಿಂತರು. ರುಕ್ಮಿಣಿಬಾಯಿ ಪಾರಿವಾಳದ ಗೂಡಿನ ಸಂಗತಿ ಹೇಳಿದರು. ಗಚ್ಚಿಯ ಉಳಿದ ಭಾಗವನ್ನು ಸುತ್ತಿಗೆಯಿಂದ ಬಡಿದರೆ ಠಣ್ ಎನ್ನುತ್ತಿತ್ತು. ಈ ಮೂಲೆಯಲ್ಲಿ ಮಾತ್ರ, ಎರಡು ಚಾಪೆಯಷ್ಟು ಜಾಗ, ಒತ್ತಿದರೆ ನೆನೆದ ರೊಟ್ಟಿಯ ಹಾಗೆ ತಗ್ಗುತ್ತಿತ್ತು. ಮೋಟುಗೋಡೆಯ ಮೇಲೆ ಗೇಣೆತ್ತರಕ್ಕೆ ಪಾಚಿಯ ಗೆರೆ. ಇಂಜಿನಿಯರು ಗೆರೆಗೆ ಬೆರಳಿಟ್ಟರು.

"ಕಬೂತರ್ ವಬೂತರ್ ಕುಛ್ ನಹೀ. ಢಾಲ್ ಹೀ ಗಲತ್ ಹೈ. ಜಿಸನೇ ಬನಾಯಾ ಉಸಕೋ ಕಾಮ್ ನಹೀ ಆತಾ ಥಾ."

ಪಾರಿವಾಳ ಅಲ್ಲ, ಇಳಿಜಾರೇ ತಪ್ಪಿದೆ, ಕಟ್ಟಿದವನಿಗೆ ಕೆಲಸ ಬರುತ್ತಿರಲಿಲ್ಲ ಎಂದು ಪ್ರಫುಲ್ಲಾ ಕನ್ನಡದಲ್ಲಿ ಬರೆಯತೊಡಗಿ ನಿಲ್ಲಿಸಿದಳು. "ಅಜ್ಜಿ, ಇದು... ಹಿಸ್ಟರಿಯಲ್ಲಿ ಹಾಕೋದಾ?"

ಮಲ್ಲಕ್ಕ ಮೆಟ್ಟಿಲಿಳಿದು ಹೋದಳು. ಸಿಟ್ಟಾಗಿ ಹೋದಳೆಂದು ಎಲ್ಲರೂ ತಿಳಿದರು. ಸ್ವಲ್ಪ ಹೊತ್ತಿನಲ್ಲಿ ಒಂದು ಕೈಯಲ್ಲಿ ತಂಬಿಗೆ ನೀರು, ಇನ್ನೊಂದು ಕೈಯಲ್ಲಿ ಜೋಳ ಹತ್ತಿದ್ದ ಹಸಿರು ಚಿಂದಿ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದಳು. ಚಿಂದಿಯನ್ನು ರುಕ್ಮಿಣಿಬಾಯಿಯ ಕೈಗಿಟ್ಟಳು.

"ಬಾಯಾರ, ಇದು ನನ್ನ ಸೀರಿ. ಆ ವರ್ಷ ಕೆರಿ ಕಟ್ಟಿದಾಗ ತುರುಕಿದ್ದು. ಏಳು ಕಿತ್ತೀನಿ, ಎಂಟನೇದು ಬಿಟ್ಟೀನಿ. ಶೇಠನ ಸೋಗು ಹಾಕ್ಕೊಂಡು ಕೆಳಗ ಬಂದೀನಲ್ಲ, ಆವಾಗ. ಪಾರಿವಾಳದ ಮ್ಯಾಲ ಸುಳ್ಳು ಹೇಳೀನಿ. ಆ ಸಾಹೇಬಗ ಹೇಳ್ರಿ, ಢಾಲ್ ಸರಿ ಅದ. ನಮ್ಮಪ್ಪಗ ಕೆಲಸ ಬರ್ತಿತ್ತು. ಅವನ ಮಗಳಿಗಿ ಬಾಯಿ ಮುಚ್ಲಾಕ ಬರ್ತಿದ್ದಿಲ್ಲ."

ಯಾರೂ ಮಾತಾಡುವ ಮೊದಲೇ ತಂಬಿಗೆಯ ನೀರನ್ನು ಟಾಕಿಯ ಪಕ್ಕದಲ್ಲಿ ಸುರಿದಳು. ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಐವತ್ತು ವರ್ಷದಿಂದ ಗೊತ್ತಿದ್ದ ದಾರಿ ಹಿಡಿದು, ಕೊಳೆತ ಮೂಲೆಯನ್ನೂ ದಾಟಿ, ನೆಟ್ಟಗೆ ಎಂಟನೆಯ ಸಿಂಹದ ಬಾಯಿಗೆ ಹೋಯಿತು. ಇಂಜಿನಿಯರು ಇನ್ನೊಂದು ತಂಬಿಗೆ ತರಿಸಿ ತಾವೇ ಸುರಿದರು. ಅದೂ ಹೋಯಿತು. ಮೂರನೆಯದಕ್ಕೆ ಸೀನ ಹೊರಟಾಗ, "ಬಸ್, ಬಸ್," ಎಂದರು.

"ಎಂತ ಮಲ್ಲಕ್ಕ, ಹಾಗಾದರೆ ನಾನು ಕೈ ಮುಗಿದದ್ದು ಸರಿಯಾದವರಿಗೇ!" ಎಂದ ಸೀನ.

ಮಲ್ಲಕ್ಕ ಅವನತ್ತ ತಿರುಗಲಿಲ್ಲ. ರುಕ್ಮಿಣಿಬಾಯಿಗೆ ಹೇಳಿದಳು. "ಗಚ್ಚಿ ಸೋರ್ಯದ. ಶೇಠನ ಮಾತಿನಂಗ ಇನ್ನ ಕೋಣಿ ನಂದಲ್ಲ. ನಾಳಿಗಿ ಗಂಟು ಕಟ್ತೀನಿ. ಧಾರಾವಿಯಾಗ ನಮ್ಮ ಕಡೀ ಮಂದಿ ಅದಾರ."

ರುಕ್ಮಿಣಿಬಾಯಿ ಮನುಷ್ಯರ ಕನ್ನಡಕ ತೆಗೆದು ಪುಸ್ತಕದ ಕನ್ನಡಕ ಹಾಕಿಕೊಂಡು ಚಿಂದಿಯ ಅಂಚನ್ನು ಹತ್ತಿರ ಹಿಡಿದು ನೋಡಿದರು. ನಗು ತಡೆಯುತ್ತಿದ್ದರೋ ಏನೋ.

"ಎಲ್ಲಿ ಸೋರೇದ, ಮಲ್ಲಕ್ಕ? ನಿಮ್ಮ ಮನೆತನದ ಪರೀಕ್ಷಾ ಮೂರು ದಿನದ್ದು. ನೀ ನಿಮ್ಮಪ್ಪನ ಕೈಲೆ ಐದು ವರ್ಷದ್ದು ಬರಿಸೀದಿ. ಮೊದಲನೇ ವರ್ಷ ಪೂರಾ ನಿಂತಾನ. ಹಿಂಗ ಬರದಾಂವಗ ನಮ್ಮ ಯುನಿವರ್ಸಿಟಿಯವ್ರು ಫಸ್ಟ್ ಕ್ಲಾಸ್ ಕೊಡ್ತಾರ."

ಇಂಜಿನಿಯರಿಗೆ ಇದನ್ನು ಹಿಂದಿಯಲ್ಲಿ ಹೇಳಿದಾಗ ಅವರೂ ನಕ್ಕರು. ರಿಪೋರ್ಟಿನಲ್ಲಿ, ಒಂದು ಮೂಲೆಯ ಎರಡು ಚಾಪೆಯಷ್ಟು ಜಾಗ ಬಿಟ್ಟು ಗಚ್ಚಿ ಗಟ್ಟಿಯಾಗಿದೆ, ಮುಂದಿನ ಮಳೆಗಾಲದೊಳಗೆ ಅಷ್ಟನ್ನು ಹಳೆಯ ಕ್ರಮದಲ್ಲೇ ಸರಿಪಡಿಸಿದರೆ ಕಾಲೇಜು ಇಲ್ಲೇ ಇರಬಹುದು ಎಂದು ಬರೆದರು. ಟ್ರಸ್ಟಿನವರು ಮೂರು ಸಭೆ ಮಾಡಿ ಒಪ್ಪಿದರು. ಟೋಪಿಯ ಹಿರಿಯರು ಮಾತ್ರ ಆ ಮೂರೂ ಸಭೆಗಳನ್ನು ಕೆಳಗಿನ ಮಹಡಿಯಲ್ಲೇ ಇಡಿಸಿದರು.

ಪ್ರಫುಲ್ಲಾ ನೋಟ್‌ಬುಕ್ಕಿನಲ್ಲಿ ಪಾರಿವಾಳವನ್ನು ಹೊಡೆದುಹಾಕಿ, ಹಾಳೆಯನ್ನು ಮಲ್ಲಕ್ಕನ ಮುಂದೆ ಹಿಡಿದು, ಚಿಂದಿಯ ಸಂಗತಿ ಬಿಡಲೇ ಎಂದು ಕೇಳಿದಳು.

"ಯಾಕ ಬಿಡ್ತಿ? ಅಜ್ಜನ ಹಲ್ಲು ಬರದೀದಿ, ಶೇಠನ ಅಣಬಿ ಬರದೀದಿ. ಮಲ್ಲಕ್ಕನ ಅರಿವಿನೂ ಇರ್ಲಿ," ಎಂದಳು ಮಲ್ಲಕ್ಕ. ಹಾಳೆಯ ಮೇಲೆ ಬೆರಳಿಟ್ಟು, "ಹಾಂ, ಬೆಲ್ಲದ ನೀರು ನೆಕ್ಕಿದ್ದೂ ಬರಿ. ನಮ್ಮವ್ವ ಹೇಳ್ತಿದ್ದಳು," ಎಂದು ಸೇರಿಸಿದಳು.

ದೀಪಾವಳಿ ಮುಗಿದು ಬಿಸಿಲು ಹದವಾದ ಮೇಲೆ ಮಲ್ಲಕ್ಕ ಮೂಲೆಯ ಕೊಳೆತ ಗಚ್ಚನ್ನು ಕಿತ್ತು ಗುಡಿಸಿದಳು. ಸುಣ್ಣ ನೆನೆಹಾಕಿದಳು. ಅಳಲೆಕಾಯಿಯ ನೀರು ಕಾಯಿಸಿದಳು. ಅವ್ವನ ಕೊಡತಿ ಕುದುರೆಲಾಯದ ಅಟ್ಟದಿಂದ ಇಳಿಯಿತು. ಹಿಡಿ ಸವೆದು ಬೆರಳಿನ ಗುರುತು ಬಿದ್ದಿತ್ತು, ಆ ಗುರುತಿಗೆ ಮಲ್ಲಕ್ಕನ ಬೆರಳು ಸರಿಯಾಗಿ ಕೂತಿತು. ಅರವತ್ತೆರಡರ ಮೊಣಕಾಲು ಮಡಚಿ ಅವಳು ಮೊದಲ ಏಟು ಹಾಕುವ ಹೊತ್ತಿಗೆ ಗಚ್ಚಿಯ ಮೇಲೆ ಜಾತ್ರೆಯೇ ನೆರೆದಿತ್ತು. ಪ್ರಫುಲ್ಲಾ ಹನ್ನೆರಡು ಹುಡುಗಿಯರನ್ನು ಕರೆತಂದಿದ್ದಳು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಲಟ್ಟಣಿಗೆ, ಮುಲುಂಡಿನಿಂದ ಲೋಕಲಿನಲ್ಲಿ ಬಂದವು. ರುಕ್ಮಿಣಿಬಾಯಿ ಸೆರಗು ಸಿಕ್ಕಿಸಿ, ನಾಲ್ವರು ಕೂಲಿ ಹೆಂಗಸರಿಗೆ ಹೇಳಿ ಕಳಿಸಿದ್ದೇನೆ, ಬರುವ ತನಕ ನಾನೇ ಬಡಿಯುತ್ತೇನೆ ಎಂದು ನಿಂತಿದ್ದರು. ಸೀನ ಒಂದು ಪಾತ್ರೆ ಬೆಲ್ಲದ ನೀರು ಹೊತ್ತು ಬಂದು, ಕ್ಯಾಂಟೀನಿನದೇ ಬೆಲ್ಲ, ಕಸ ಇಲ್ಲ ಎಂದು ಪ್ರಮಾಣ ಮಾಡುತ್ತಿದ್ದ. ಹುಡುಗಿಯೊಬ್ಬಳು ಆಗಲೇ, ಅಜ್ಜಿ, ಆ ಹಾಡು ಹೇಳಿಕೊಡಿ, ಶೇಠನ ಕಥೆ ಇನ್ನೊಂದು ಸಲ ಹೇಳಿ ಎಂದು ಶುರು ಮಾಡಿದ್ದಳು.

ಮಲ್ಲಕ್ಕ ಕೊಡತಿಯನ್ನು ಮಂಡಿಯ ಮೇಲಿಟ್ಟು ಎಲ್ಲರನ್ನೂ ಒಮ್ಮೆ ನೋಡಿದಳು.

"ಲಟ್ಟಣಗಿ ತಗೊಂಡು ಹೋಗಿ ಚಪಾತಿ ಮಾಡ್ರಿ. ಸೀನ, ನಿನ್ನ ಬೆಲ್ಲ ನಿನ್ನ ಚಾಕ್ಕ ಹಾಕು, ನಂದು ನಾ ತಂದೀನಿ. ಬಾಯಾರ, ಆ ಹೆಣ್ಮಕ್ಕಳಿಗಿ ಬರಬ್ಯಾಡ ಅನ್ರಿ, ನೀವೂ ಸೆರಗು ಬಿಚ್ಚಿ ಕೆಳಗ ನಡೀರಿ. ನಲವತ್ತು ಮಂದಿ ಎರಡು ತಿಂಗಳು ಬಡದ ಗಚ್ಚಿ ನಾ ಒಬ್ಬಾಕಿ ಮಾತಾಡ್ಕೋತ ಕೆಡಿಸೀನಿ. ಒಬ್ಬಾಕೀನೇ ಬಡೀತೀನಿ. ಯಾರೂ ಕೈ ಹಚ್ಚಬ್ಯಾಡ್ರಿ. ಮತ್ತ ನನ್ನ ಮಾತಾಡಿಸಬ್ಯಾಡ್ರಿ, ಹೋಗ್ರಿ."